ರಾತ್ರಿ ಹತ್ತು ಗಂಟೆಯ ರೇಸಿಗೆ ಯಾವ ಸಿಮ್ಯುಲೇಟರ್?

ನಿಜವಾದ ಕಾರಿನ ನಡೆಯನ್ನು ಅನುಕರಿಸುವ ಸಿಮ್ಯುಲೇಟರ್ ಎಂಬ ಆಟಗಳಲ್ಲಿ, ಕಂಪ್ಯೂಟರಿನ ಮುಂದೆ ಕೂತು ಕಾರ್ ರೇಸ್ ಓಡಿಸುವವರಿಂದ, ಓಡಿಸಬೇಕೆಂದಿರುವವರಿಂದ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಮೊದಲ ಪತ್ರದ ಉತ್ತರ ಉದ್ದವಾಗಿದೆ. ಉಳಿದ ಉತ್ತರಗಳು ಅದರ ಮೇಲೆಯೇ ನಿಂತಿರುವುದರಿಂದ, ಬೇರೆಯವರ ಪತ್ರವೆಂದು ಅದನ್ನು ಬಿಟ್ಟು ಮುಂದೆ ಹೋಗಬೇಡಿರೆಂದು ಕೋರುತ್ತೇವೆ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಮಗಳು ಮಲಗಿದ ಮೇಲೆ ರಾತ್ರಿ ಹತ್ತರಿಂದ ಹನ್ನೊಂದೂವರೆಯವರೆಗೆ ನನಗೆ ಬಿಡುವು. ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಮತ್ತು 16 ಜಿಬಿ ರ್‍ಯಾಮ್ ಇರುವ ಕಂಪ್ಯೂಟರ್, ಲಾಜಿಟೆಕ್ ಜಿ29 ಸ್ಟೀರಿಂಗ್ ಹಾಗೂ ಫೈಬರ್ ಇಂಟರ್‌ನೆಟ್ ಮನೆಯಲ್ಲಿವೆ. ಕಂಪ್ಯೂಟರೇ ಓಡಿಸುವ ಕಾರುಗಳ ಎದುರು ಸ್ಪರ್ಧಿಸಿ ಬೇಸರವಾಗಿದೆ. ಎರಡು ಮೂರು ಸಲ ಆನ್‌ಲೈನ್ ರೇಸಿಗೆ ಸೇರಿದಾಗ ಮೊದಲ ತಿರುವಿನಲ್ಲೇ ಯಾರೋ ಹಿಂದಿನಿಂದ ಗುದ್ದಿ ಹುಲ್ಲಿಗೆ ತಳ್ಳಿದರು. ನಾನು ಯಾವ ಸಿಮ್ಯುಲೇಟರ್ ಕೊಳ್ಳಲಿ? ಯಾವುದರಲ್ಲಿ ಕಾರಿನ ನಡೆ ಹೆಚ್ಚು ನೈಜವಾಗಿದೆ? (ಓದುಗರು, ದಾವಣಗೆರೆ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ಬದಿಗಿಡೋಣ, ಏಕೆಂದರೆ ಹೊಸಬರೆಲ್ಲರೂ ಅಲ್ಲಿಂದಲೇ ಹೊರಡುತ್ತಾರೆ ಮತ್ತು ಹೆಚ್ಚಿನವರು ಅಲ್ಲಿಯೇ ಸಿಕ್ಕಿಕೊಳ್ಳುತ್ತಾರೆ. ಇಂದು ಹೆಸರು ಮಾಡಿರುವ ಸಿಮ್ಯುಲೇಟರುಗಳೆಲ್ಲವೂ ಟೈರಿನ ಬಿಸಿ, ಸವೆತ, ತೂಕ ಮುಂದಕ್ಕೆ ಹಿಂದಕ್ಕೆ ವಾಲುವ ಬಗೆ, ರೆಕ್ಕೆಯ ಮೇಲಿನ ಗಾಳಿಯ ಒತ್ತಡ ಇವನ್ನೆಲ್ಲ ಲೆಕ್ಕ ಹಾಕುವಂಥವೇ. ಅವುಗಳ ನಡುವಿನ ವ್ಯತ್ಯಾಸ ನಿಜವಾದುದು, ಆದರೆ ವಾರಕ್ಕೆ ಏಳೆಂಟು ಗಂಟೆ ಓಡಿಸುವವರು ಮೊದಲ ವರ್ಷದಲ್ಲಿ ಅದನ್ನು ಗುರುತಿಸುವುದು ಕಷ್ಟ. ನೀವು ಬರೆದಿರುವ ದುಃಖಕ್ಕೂ ಟೈರಿನ ಲೆಕ್ಕಕ್ಕೂ ಸಂಬಂಧವಿಲ್ಲ. ನಿಮ್ಮನ್ನು ಹುಲ್ಲಿಗೆ ತಳ್ಳಿದ್ದು ಇನ್ನೊಬ್ಬ ಮನುಷ್ಯ. ಆದ್ದರಿಂದ ನೀವು ಆರಿಸಬೇಕಾದದ್ದು ಕಾರನ್ನಲ್ಲ, ನಿಮ್ಮ ಬಿಡುವಿನ ಹೊತ್ತಿಗೆ ನಿಮ್ಮ ಹಿಂದೆ ಮುಂದೆ ನಿಲ್ಲುವ ಜನರನ್ನು.

ಹೊತ್ತಿನ ವಿಷಯದಲ್ಲಿ ನೀವು ಅದೃಷ್ಟವಂತರು. ಭಾರತದಲ್ಲಿ ರಾತ್ರಿ ಹತ್ತು ಗಂಟೆಯಾದಾಗ ಜರ್ಮನಿ, ಇಟಲಿ, ಫ್ರಾನ್ಸ್‌ಗಳಲ್ಲಿ ಚಳಿಗಾಲವಾದರೆ ಸಂಜೆ ಐದೂವರೆ, ಬೇಸಿಗೆಯಾದರೆ ಆರೂವರೆ. ಕೆಲಸ ಮುಗಿಸಿ ಮನೆಗೆ ಬಂದ ಯುರೋಪಿನವರು ಕಂಪ್ಯೂಟರಿನ ಮುಂದೆ ಕೂರುವ ಸಮಯವೂ, ನಿಮ್ಮ ಮನೆಯಲ್ಲಿ ಜೋಗುಳ ಮುಗಿಯುವ ಸಮಯವೂ ಹೆಚ್ಚುಕಡಿಮೆ ಒಂದೇ. ಸಿಮ್ ರೇಸಿಂಗ್, ಅಂದರೆ ಸಿಮ್ಯುಲೇಟರಿನ ರೇಸ್, ಯುರೋಪಿನಲ್ಲಿ ಬಹಳ ಜನ ಆಡುವ ಆಟ. ಇದೇ ನೀವು ಮಧ್ಯಾಹ್ನ ಮೂರಕ್ಕೆ ಬಿಡುವಾಗುವವರಾಗಿದ್ದರೆ ಯುರೋಪ್ ಕಚೇರಿಯ ಕೆಲಸದಲ್ಲಿ ಮುಳುಗಿರುತ್ತದೆ, ಅಮೆರಿಕ ನಿದ್ದೆಯಲ್ಲಿರುತ್ತದೆ, ಮತ್ತು ನನ್ನ ಉತ್ತರವೂ ಬೇರೆಯಾಗುತ್ತಿತ್ತು.

ಜನ ಸಿಕ್ಕರು, ಆದರೆ ಅವರು ದೂರದಲ್ಲಿದ್ದಾರೆ. ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟಿಗೆ ನೇರ ದೂರ ಸುಮಾರು 7,400 ಕಿ.ಮೀ. ಗಾಜಿನ ತಂತುವಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ವೇಗದಲ್ಲಿ ಸಾಗುವುದರಿಂದ, ಗೆರೆ ಎಳೆದಂತೆ ನೇರವಾದ ಕೇಬಲ್ ಇದ್ದರೂ ಹೋಗಿ ಬರಲು 74 ಮಿಲಿಸೆಕೆಂಡ್ ಬೇಕು. ವಾಸ್ತವದಲ್ಲಿ ಕೇಬಲ್ ಅರಬ್ಬೀ ಸಮುದ್ರ, ಕೆಂಪು ಸಮುದ್ರಗಳ ತಳದಲ್ಲಿ ಬಳಸಿಕೊಂಡು ಹೋಗುತ್ತದೆ, ದಾರಿಯಲ್ಲಿ ಹಲವು ಉಪಕರಣಗಳನ್ನು ದಾಟುತ್ತದೆ. ಹಾಗಾಗಿ ನಮ್ಮ ಮನೆಗಳಲ್ಲಿ ಯುರೋಪಿನ ಸರ್ವರಿಗೆ (ರೇಸನ್ನು ನಡೆಸುವ ಕಂಪ್ಯೂಟರಿಗೆ) 150 ಮಿಲಿಸೆಕೆಂಡಿನ ಆಸುಪಾಸಿನ ಪಿಂಗ್, ಅಂದರೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ, ಕಾಣಿಸಿದರೆ ಅದು ಸಹಜ. ನಿಮ್ಮ ಫೈಬರಿನ ವೇಗವನ್ನು 100ರಿಂದ 300 ಎಂಬಿಪಿಎಸ್‌ಗೆ ಏರಿಸಿದರೂ ಈ ಅಂಕಿ ಇಳಿಯುವುದಿಲ್ಲ. ಕೊಳಾಯಿಯನ್ನು ದಪ್ಪ ಮಾಡಿದ ಮಾತ್ರಕ್ಕೆ ಕೆರೆ ಹತ್ತಿರ ಬರುವುದಿಲ್ಲವಲ್ಲ.

ಈ ವಿಳಂಬವನ್ನು ಕಂಡು ಹೆದರಿ ಆನ್‌ಲೈನ್ ಆಸೆಯನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ. ಅವರ ವಾದ ಹೀಗಿರುತ್ತದೆ: ಗಂಟೆಗೆ 200 ಕಿ.ಮೀ. ವೇಗದಲ್ಲಿರುವ ಕಾರು 150 ಮಿಲಿಸೆಕೆಂಡಿನಲ್ಲಿ ಎಂಟು ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ, ಅಂದರೆ ನನಗೆ ಕಾಣುವ ಕಾರು ನಿಜವಾಗಿ ಅಲ್ಲಿಲ್ಲ, ಎರಡು ಕಾರಿನಷ್ಟು ಮುಂದಿದೆ. ಲೆಕ್ಕ ಸರಿಯಾಗಿದೆ, ತೀರ್ಮಾನ ತಪ್ಪು. ನಿಮ್ಮ ಕಂಪ್ಯೂಟರ್ ಎದುರಾಳಿಯ ಹಳೆಯ ಸ್ಥಾನವನ್ನು ಹಾಗೆಯೇ ತೋರಿಸುವುದಿಲ್ಲ. ಕೊನೆಯದಾಗಿ ತಿಳಿದ ವೇಗ ಮತ್ತು ದಿಕ್ಕನ್ನು ಹಿಡಿದು, ಈ ಕ್ಷಣಕ್ಕೆ ಅವನು ಎಲ್ಲಿರಬಹುದು ಎಂದು ಊಹಿಸಿ ಅಲ್ಲಿ ಚಿತ್ರಿಸುತ್ತದೆ. ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುವ ಕಾರಿನ ವಿಷಯದಲ್ಲಿ ಈ ಊಹೆ ಬಹುತೇಕ ನಿಖರವಾಗಿರುತ್ತದೆ. ತಪ್ಪುವುದು ಅವನು ಥಟ್ಟನೆ ಬ್ರೇಕ್ ಒತ್ತಿದಾಗ. ರೇಸ್ ಕಾರೊಂದು ಪ್ರತಿ ಸೆಕೆಂಡಿಗೆ ತನ್ನ ವೇಗವನ್ನು ಸೆಕೆಂಡಿಗೆ 15 ಮೀಟರಿನಷ್ಟು ಕಳೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಆ ಸುದ್ದಿ ನಿಮಗೆ 150 ಮಿಲಿಸೆಕೆಂಡ್ ತಡವಾಗಿ ಮುಟ್ಟಿದರೆ ಊಹೆಯಲ್ಲಿ ಆಗುವ ತಪ್ಪು ಸುಮಾರು 17 ಸೆಂಟಿಮೀಟರ್ ಮಾತ್ರ, ಒಂದು ಗೇಣಿಗಿಂತಲೂ ಕಡಿಮೆ. ಆದರೆ ಈ ತಪ್ಪು ವಿಳಂಬದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವಿಳಂಬ ಎರಡು ಪಟ್ಟಾಗಿ 300 ಆದರೆ ತಪ್ಪು ನಾಲ್ಕು ಪಟ್ಟಾಗಿ 68 ಸೆಂಟಿಮೀಟರಾಗುತ್ತದೆ, 450 ಆದರೆ ಒಂದೂವರೆ ಮೀಟರಾಗುತ್ತದೆ. ಒಂದೂವರೆ ಮೀಟರ್ ಎಂದರೆ ಗುದ್ದಾಟವೇ.

ಹೀಗಾಗಿ ನಿಮ್ಮ ಶತ್ರು 150 ಎಂಬ ಸ್ಥಿರ ಅಂಕಿಯಲ್ಲ, ಆಗಾಗ 400ಕ್ಕೆ ಜಿಗಿದು ಕೆಳಗಿಳಿಯುವ ಚಂಚಲತೆ. ಅದರ ಮೂಲ ಬಹುಪಾಲು ಮನೆಯೊಳಗೇ ಇರುತ್ತದೆ. ವೈಫೈ ಬಿಟ್ಟು ರೌಟರಿನಿಂದ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಎಳೆಯಿರಿ. ರೇಸಿನ ಹೊತ್ತಿನಲ್ಲಿ ಮೊಬೈಲಿನ ಫೋಟೊಗಳು ತಾವಾಗಿಯೇ ಮೇಲೇರುವುದನ್ನು ನಿಲ್ಲಿಸಿ. ಕರೆಂಟು ಹೋದಾಗ ಇನ್ವರ್ಟರ್ ಹಿಡಿದುಕೊಳ್ಳುವ ಆ ಅರೆಕ್ಷಣದಲ್ಲಿ ರೌಟರ್ ಆರಿ ಮತ್ತೆ ಹೊತ್ತಿಕೊಳ್ಳಲು ಒಂದೆರಡು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ರೇಸ್ ಮುಗಿದಂತೆಯೇ. ರೌಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಒಂದನ್ನು, ಆಟ ಕೊಳ್ಳುವ ಮೊದಲೇ ಕೊಳ್ಳುವುದು ಜಾಣತನ.

ಈಗ ಮೊದಲ ತಿರುವಿನ ಗುದ್ದಿಗೆ ಬರುತ್ತೇನೆ. ಅಭ್ಯಾಸದ ವೇಳೆ ಒಬ್ಬರೇ ಓಡಿಸುವಾಗ ನೂರು ಮೀಟರಿನ ಫಲಕದ ಬಳಿ ಬ್ರೇಕ್ ಒತ್ತುವವರು, ರೇಸಿನ ಮೊದಲ ಸುತ್ತಿನಲ್ಲೂ ಅಲ್ಲಿಯೇ ಒತ್ತುತ್ತಾರೆ. ಆದರೆ ಇಪ್ಪತ್ತು ಕಾರುಗಳು ಒತ್ತೊತ್ತಾಗಿ ಬರುವಾಗ ಮುಂದಿನವನ ಬ್ರೇಕಿಗೆ ಹಿಂದಿನವನು, ಅವನ ಬ್ರೇಕಿಗೆ ಇನ್ನೊಬ್ಬನು ಓಗೊಡುತ್ತ ಹೋಗಿ, ಹತ್ತನೆಯ ಕಾರು ಎಂದಿಗಿಂತ ಬಹಳ ಮೊದಲೇ ನಿಧಾನಿಸಬೇಕಾಗುತ್ತದೆ. ಟೈರುಗಳೂ ತಣ್ಣಗಿರುತ್ತವೆ. ಇದನ್ನು ತಿಳಿಯದವರು ಒಬ್ಬರಿದ್ದರೆ ಸಾಕು. ಯಾರು ಬೇಕಾದರೂ ಒಳಬರಬಹುದಾದ ಸಾರ್ವಜನಿಕ ಸರ್ವರುಗಳಲ್ಲಿ ಅಂಥವರು ಒಬ್ಬರಲ್ಲ, ಹಲವರಿರುತ್ತಾರೆ, ಮತ್ತು ಗುದ್ದಿದ ಮೇಲೆ ಅವರು ಕಳೆದುಕೊಳ್ಳುವುದು ಏನೂ ಇರುವುದಿಲ್ಲ. ಆದ್ದರಿಂದ ನೀವು ಹುಡುಕಬೇಕಾದದ್ದು ಗುದ್ದಿದವನು ಏನನ್ನಾದರೂ ಕಳೆದುಕೊಳ್ಳುವ ವ್ಯವಸ್ಥೆಯನ್ನು.

ಅಂಥ ವ್ಯವಸ್ಥೆಯನ್ನು ಅತ್ಯಂತ ಬಿಗಿಯಾಗಿ ಕಟ್ಟಿರುವುದು ಐರೇಸಿಂಗ್ ಎಂಬ ಸಿಮ್ಯುಲೇಟರ್. ಪಪೈರಸ್ ಎಂಬ ಹಳೆಯ ಆಟದ ಕಂಪನಿಯ ಸಹಸ್ಥಾಪಕ ಡೇವ್ ಕೆಮ್ಮರ್ ಅವರು ಉದ್ಯಮಿ ಜಾನ್ ಹೆನ್ರಿ ಅವರೊಡನೆ ಅಮೆರಿಕದಲ್ಲಿ ಕಟ್ಟಿದ ಇದು 2008ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಲ್ಲಿ ನಿಮ್ಮ ನಿಜವಾದ ಹೆಸರಿನಲ್ಲೇ ಓಡಿಸಬೇಕು. ಎಲ್ಲರೂ ರೂಕಿ, ಅಂದರೆ ಹೊಸಬರ, ಪರವಾನಗಿಯಿಂದ ಆರಂಭಿಸಿ ಡಿ, ಸಿ, ಬಿ, ಎ ಎಂದು ಮೇಲೇರಬೇಕು. ಏರಿಸುವುದು ಗೆಲುವಲ್ಲ, ಸೇಫ್ಟಿ ರೇಟಿಂಗ್ ಎಂಬ ಅಂಕ. ಚಕ್ರಗಳು ಟ್ರ್ಯಾಕಿನ ಅಂಚು ದಾಟಿದರೆ ಒಂದು, ಹಿಡಿತ ತಪ್ಪಿ ಸುತ್ತಿದರೆ ಎರಡು, ಇನ್ನೊಂದು ಕಾರಿಗೆ ಜೋರಾಗಿ ಬಡಿದರೆ ನಾಲ್ಕು ಎಂದು ತಪ್ಪುಗಳನ್ನು ಎಣಿಸಿ, ಅವನ್ನು ನೀವು ದಾಟಿದ ತಿರುವುಗಳ ಸಂಖ್ಯೆಯೊಡನೆ ಹೋಲಿಸಿ ಈ ಅಂಕವನ್ನು ಕೊಡಲಾಗುತ್ತದೆ. ಹೊಸಬರನ್ನು ಕೆರಳಿಸುವ ನಿಯಮವೊಂದು ಇದರಲ್ಲಿದೆ: ತಪ್ಪು ಯಾರದೇ ಇರಲಿ, ಡಿಕ್ಕಿಯಾದರೆ ಇಬ್ಬರಿಗೂ ದಂಡ. ಇದು ಅನ್ಯಾಯವೆಂದು ನನಗೂ ಮೊದಲು ಅನ್ನಿಸಿತ್ತು. ಆದರೆ ಸಾವಿರಾರು ರೇಸುಗಳಲ್ಲಿ ಯಾರ ತಪ್ಪೆಂದು ತೀರ್ಪು ಕೊಡುವ ಯಂತ್ರವಿಲ್ಲ, ಮತ್ತು ಈ ನಿಯಮದಿಂದಾಗಿ ಜನ ಗುದ್ದುವುದನ್ನು ಮಾತ್ರವಲ್ಲ, ಗುದ್ದಿಸಿಕೊಳ್ಳುವುದನ್ನೂ ತಪ್ಪಿಸಲು ಕಲಿಯುತ್ತಾರೆ. ನಿಮ್ಮ ಪಕ್ಕದಲ್ಲಿ ಅವಿವೇಕಿಯೊಬ್ಬನು ಬಂದಾಗ ಅರ್ಧ ಸೆಕೆಂಡ್ ಬಿಟ್ಟುಕೊಟ್ಟು ಅವನನ್ನು ಮುಂದೆ ಕಳಿಸುವುದೂ ಒಂದು ಕೌಶಲವೇ.

ಐರೇಸಿಂಗ್‌ನ ಇನ್ನೊಂದು ಗುಣ ಅದರ ವೇಳಾಪಟ್ಟಿ. ರೇಸುಗಳು ಬಸ್ಸಿನಂತೆ ನಿಗದಿತ ಸಮಯಕ್ಕೆ ಹೊರಡುತ್ತವೆ, ಹೊಸಬರ ರೇಸುಗಳು ಗಂಟೆಗೆ ಒಂದಕ್ಕಿಂತ ಹೆಚ್ಚು ಬಾರಿ ಸಿಗುತ್ತವೆ. ಒಂದೂವರೆ ಗಂಟೆಯ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಅಭ್ಯಾಸ ಮಾಡಿ ಎರಡು ರೇಸ್ ಓಡಿಸಿ ಮಲಗಬಹುದು. ದೋಷವೆಂದರೆ ಹಣ. ತಿಂಗಳ ಅಥವಾ ವರ್ಷದ ಚಂದಾ ಬೇರೆ, ಅದರೊಡನೆ ಬರುವ ಕೆಲವು ಕಾರು ಮತ್ತು ಟ್ರ್ಯಾಕುಗಳನ್ನು ಬಿಟ್ಟು ಉಳಿದ ಪ್ರತಿಯೊಂದಕ್ಕೂ 12ರಿಂದ 15 ಡಾಲರಿನಷ್ಟು ಬೆಲೆ ಬೇರೆ. ಚಂದಾ ನಿಂತರೆ ದುಡ್ಡು ಕೊಟ್ಟು ಕೊಂಡ ಕಾರನ್ನೂ ಮುಟ್ಟುವಂತಿಲ್ಲ.

ಚಂದಾ ಬೇಡವೆನ್ನುವವರಿಗೆ ಇರುವ ಒಳ್ಳೆಯ ದಾರಿ ಇಟಲಿಯ ಕೂನೋಸ್ ಸಂಸ್ಥೆಯ ಅಸೆಟೊ ಕೋರ್ಸಾ ಕಾಂಪೆಟಿಜಿಯೋನೆ. ಆಡುವವರು ಎಸಿಸಿ ಎಂದಷ್ಟೇ ಕರೆಯುತ್ತಾರೆ. 2019ರ ಮೇ ತಿಂಗಳಲ್ಲಿ ಪೂರ್ಣವಾಗಿ ಬಿಡುಗಡೆಯಾದ ಇದು ಮುಖ್ಯವಾಗಿ ಜಿಟಿ3 ವರ್ಗದ ಕಾರುಗಳಿಗೆ, ಅಂದರೆ ರೇಸಿಗೆಂದು ಮಾರ್ಪಡಿಸಿದ ಸ್ಪೋರ್ಟ್ಸ್ ಕಾರುಗಳಿಗೆ, ಮೀಸಲಾದದ್ದು. ಒಮ್ಮೆ ಕೊಂಡರೆ ಮೊಂಜಾ, ಸ್ಪಾ, ಸಿಲ್ವರ್‌ಸ್ಟೋನ್‌ನಂಥ ಟ್ರ್ಯಾಕುಗಳೆಲ್ಲ ನಿಮ್ಮವು. ಬಾಗಿಲು ತೆರೆದಿರುವ ಅದರ ಸಾರ್ವಜನಿಕ ಸರ್ವರುಗಳಲ್ಲಿ ನಿಮಗಾದ ಅನುಭವವೇ ಮತ್ತೆ ಆಗುತ್ತದೆ. ಆದರೆ ಲೋ ಫ್ಯುಯಲ್ ಮೋಟರ್‌ಸ್ಪೋರ್ಟ್ ಎಂಬ ಪ್ರತ್ಯೇಕ ವೇದಿಕೆಯೊಂದು ಎಸಿಸಿಗೆ ವೇಳಾಪಟ್ಟಿ, ಸಾಮರ್ಥ್ಯದ ಅಂಕ, ಶಿಸ್ತಿನ ಅಂಕಗಳನ್ನು ಒದಗಿಸುತ್ತದೆ. ಆಟಗಳನ್ನು ಮಾರುವ ಸ್ಟೀಮ್ ಎಂಬ ಜಾಲತಾಣದ ಖಾತೆಯಿಂದ ಅದಕ್ಕೆ ಉಚಿತವಾಗಿ ಸೇರಬಹುದು. ಅದು ಯುರೋಪಿನವರ ಸಂಜೆಯಲ್ಲಿ ತುಂಬಿರುತ್ತದೆ, ಅಂದರೆ ನಿಮ್ಮ ರಾತ್ರಿಯಲ್ಲಿ. ತೊಂದರೆ ಒಂದೇ: ಇದರಲ್ಲಿ ಹೊಸಬರಿಗೆಂದು ನಿಧಾನದ ಕಾರಿಲ್ಲ. ಮೊದಲ ದಿನದಿಂದಲೇ 500 ಅಶ್ವಶಕ್ತಿಯ ಆಸುಪಾಸಿನ ಕಾರು ನಿಮ್ಮ ಕಾಲಡಿಯಲ್ಲಿರುತ್ತದೆ.

ಹಲವು ಗಂಟೆಗಳ ದೀರ್ಘ ಓಟಗಳ ಸರಣಿಯಾದ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್ಪಿನ ಅಧಿಕೃತ ಆಟವಾದ ಲೆ ಮಾನ್ ಅಲ್ಟಿಮೇಟ್ 2024ರ ಫೆಬ್ರುವರಿಯಲ್ಲಿ ಅಪೂರ್ಣ ರೂಪದಲ್ಲಿ ಬಂದು, 2025ರ ಜುಲೈನಲ್ಲಿ ಪೂರ್ಣಗೊಂಡಿತು. ಅದರಲ್ಲೂ ಶಿಸ್ತಿನ ಅಂಕಗಳಿರುವ ದಿನನಿತ್ಯದ ರೇಸುಗಳಿವೆ. ಬೇರೆ ಬೇರೆ ವೇಗದ ಕಾರುಗಳು ಒಂದೇ ಟ್ರ್ಯಾಕಿನಲ್ಲಿ ಓಡುವ ರೋಮಾಂಚನ ಅದರದ್ದು, ಆದರೆ ಕನ್ನಡಿ ನೋಡುವ ಅಭ್ಯಾಸ ಇನ್ನೂ ಕೂಡಿಬರದವರಿಗೆ ಅದು ತಲೆನೋವು. ರೇಸ್‌ರೂಮ್ ಎಂಬ ಸಿಮ್ಯುಲೇಟರ್ ಉಚಿತವಾಗಿ ಸಿಗುತ್ತದೆ, ಶಬ್ದ ಅದ್ಭುತ. ಬ್ರೆಜಿಲಿನ ಆಟೊಮೊಬಿಲಿಸ್ಟಾ 2 ಒಬ್ಬರೇ ಕೂತು ಹಳೆಯ ಕಾರುಗಳನ್ನು ಓಡಿಸಲು ನನ್ನ ಮೆಚ್ಚಿನದು, ನಿಮ್ಮ ಉದ್ದೇಶಕ್ಕಲ್ಲ. ಗ್ರ್ಯಾನ್ ಟುರಿಸ್ಮೊ ಪ್ಲೇಸ್ಟೇಷನ್ನಿಗೆ ಮಾತ್ರ ಬರುವುದರಿಂದ ಇಲ್ಲಿ ಅದರ ಮಾತಿಲ್ಲ.

ನಿಮಗೆ ನನ್ನ ಸಲಹೆ ಐರೇಸಿಂಗ್, ಆದರೆ ಒಂದು ಕಟ್ಟುಪಾಡಿನೊಡನೆ. ಮೊದಲ ಮೂರು ತಿಂಗಳು ಚಂದಾ ಬಿಟ್ಟು ಒಂದು ಪೈಸೆಯನ್ನೂ ಖರ್ಚು ಮಾಡಬೇಡಿ. ಚಂದಾದೊಡನೆ ಬರುವ ಮಾಜ್ದಾ ಎಂಎಕ್ಸ್-5 ಎಂಬ ಪುಟ್ಟ ಕಾರಿನಲ್ಲೇ ಓಡಿಸಿ. ನಿಧಾನವೆಂದು ಅದನ್ನು ಹಗುರವಾಗಿ ಕಾಣಬೇಡಿ, ಒಂದರ ಬೆನ್ನಿಗೊಂದು ಅಂಟಿಕೊಂಡು ಹೋಗುವ ಆ ರೇಸುಗಳಷ್ಟು ಮಜವಾದದ್ದು ದೊಡ್ಡ ಕಾರುಗಳಲ್ಲೂ ವಿರಳ. ಮೊದಲ ಹತ್ತು ರೇಸುಗಳಲ್ಲಿ ಪಿಟ್ ಲೇನಿನಿಂದಲೇ (ಟೈರು, ಇಂಧನಕ್ಕೆಂದು ಕಾರು ನಿಲ್ಲಿಸುವ ಪಕ್ಕದ ದಾರಿಯಿಂದಲೇ), ಎಲ್ಲರೂ ಹೋದ ಮೇಲೆ ಹೊರಡಿ. ಮೊದಲ ತಿರುವಿನಲ್ಲಿ ಬಿದ್ದವರನ್ನು ದಾಟಿಕೊಂಡು ಹೋಗುವಷ್ಟರಲ್ಲಿ ನೀವು ಮಧ್ಯದ ಸ್ಥಾನಕ್ಕೆ ಬಂದಿರುವುದನ್ನು ಕಂಡು ನಿಮಗೇ ಆಶ್ಚರ್ಯವಾಗುತ್ತದೆ. ಆಮೇಲೆ ಕೊಳ್ಳಲೇಬೇಕೆನ್ನಿಸಿದರೆ ಒಂದೇ ಸರಣಿಯನ್ನು ಹಿಡಿಯಿರಿ. ಒಂದು ಋತುವಿಗೆ ಹನ್ನೆರಡು ವಾರ, ವಾರಕ್ಕೊಂದು ಟ್ರ್ಯಾಕ್, ಅವುಗಳಲ್ಲಿ ಎಂಟು ವಾರದ ಅಂಕಗಳಷ್ಟೇ ಲೆಕ್ಕಕ್ಕೆ ಬರುವುದರಿಂದ ಹನ್ನೆರಡನ್ನೂ ಕೊಳ್ಳುವ ಅಗತ್ಯವಿಲ್ಲ. ತಿಂಗಳ ಚಂದಾ ಎಂಬ ಮಾತೇ ನಿಮಗೆ ಒಗ್ಗದಿದ್ದರೆ ಎಸಿಸಿ ಕೊಳ್ಳಿ, ಸಾರ್ವಜನಿಕ ಸರ್ವರುಗಳ ಕಡೆ ಮಾತ್ರ ತಲೆಹಾಕಬೇಡಿ.

ನಿಮ್ಮ ಜಿ29 ಸಾಕು. ಅದರೊಳಗಿನ ಹಲ್ಲುಚಕ್ರಗಳು ಕಟಕಟ ಎನ್ನುವುದು ನಿಜ, ಮೋಟಾರಿಗೆ ನೇರವಾಗಿ ಜೋಡಿಸಿದ ಡೈರೆಕ್ಟ್ ಡ್ರೈವ್ ಸ್ಟೀರಿಂಗ್‌ನ ಸೂಕ್ಷ್ಮತೆ ಇದಕ್ಕಿಲ್ಲವೆಂಬುದೂ ನಿಜ. ಆದರೆ ಮುಂದೆಂದಾದರೂ ಹಣ ಕೂಡಿದರೆ ಮೊದಲು ಬದಲಿಸಬೇಕಾದದ್ದು ಬ್ರೇಕ್ ಪೆಡಲ್ಲನ್ನು. ಪೆಡಲ್ ಎಷ್ಟು ದೂರ ಇಳಿಯಿತೆಂಬುದನ್ನಲ್ಲ, ಕಾಲು ಎಷ್ಟು ಬಲದಿಂದ ಒತ್ತಿತೆಂಬುದನ್ನು ಅಳೆಯುವ ಲೋಡ್ ಸೆಲ್ ಪೆಡಲ್ಲಿನಿಂದ ಬ್ರೇಕಿಂಗ್ ಹೆಚ್ಚು ಸ್ಥಿರವಾಗುತ್ತದೆ. ಬಲವನ್ನು ನೆನಪಿಟ್ಟುಕೊಳ್ಳುವಷ್ಟು ಚೆನ್ನಾಗಿ ಕಾಲು ದೂರವನ್ನು ನೆನಪಿಟ್ಟುಕೊಳ್ಳುವುದಿಲ್ಲ. ಖರ್ಚಿಲ್ಲದೆ ಇಂದೇ ಮಾಡಬಹುದಾದದ್ದು ಪರದೆಯಲ್ಲಿ ಎಷ್ಟು ಅಗಲದ ದೃಶ್ಯ ಕಾಣಬೇಕೆಂಬ ನೋಟದ ಕೋನವನ್ನು ಸರಿಪಡಿಸುವುದು. 27 ಇಂಚಿನ ಪರದೆಯ ಅಗಲ ಸುಮಾರು 60 ಸೆಂಟಿಮೀಟರ್. ಅದು ಕಣ್ಣಿನಿಂದ ಅಷ್ಟೇ ದೂರದಲ್ಲಿದ್ದರೆ ಸರಿಯಾದ ಅಡ್ಡ ಕೋನ 53 ಡಿಗ್ರಿ, ಲಂಬ ಕೋನವನ್ನು ಕೇಳುವ ಎಸಿಸಿಯಂಥ ಆಟಗಳಲ್ಲಿ 31 ಡಿಗ್ರಿ. ಐರೇಸಿಂಗ್‌ನಲ್ಲಿ ಈ ಅಳತೆಗಳನ್ನು ಕೊಟ್ಟರೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಮೊದಲೆರಡು ದಿನ ಕೊಳವೆಯೊಳಗಿಂದ ನೋಡಿದಂತೆ ಅನ್ನಿಸಿದರೂ, ಮುಂದಿನ ಕಾರು ಎಷ್ಟು ದೂರವಿದೆಯೆಂಬ ಅಂದಾಜು ಕೈಗೂಡುವುದು ಇದರಿಂದಲೇ.

ಪ್ರಶ್ನೆ: ನಾನು ಹಾಸ್ಟೆಲಿನಲ್ಲಿರುವ ಇಂಜಿನಿಯರಿಂಗ್ ವಿದ್ಯಾರ್ಥಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪ್, ಒಂದು ಗೇಮ್‌ಪ್ಯಾಡ್ ಮತ್ತು ಮೊಬೈಲಿನ ಹಾಟ್‌ಸ್ಪಾಟ್ ಇವಿಷ್ಟೇ ನನ್ನ ಬಂಡವಾಳ. ಆನ್‌ಲೈನ್ ರೇಸ್ ಸಾಧ್ಯವೇ? (ಓದುಗರು, ಮೈಸೂರು)

ಉತ್ತರ: ಸಾಧ್ಯ. ಮೊದಲು ಲೈವ್ ಫಾರ್ ಸ್ಪೀಡ್ ಎಂಬ ಹಳೆಯ ಸಿಮ್ಯುಲೇಟರನ್ನು ಹಾಕಿ ನೋಡಿ. ಇದನ್ನು ಬೆರಳೆಣಿಕೆಯ ಜನ ಸೇರಿ ಕಟ್ಟಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬೆಳೆಸುತ್ತ ಬಂದಿದ್ದಾರೆ. ನಿಮ್ಮ ಲ್ಯಾಪ್‌ಟಾಪಿನಂಥ ಯಂತ್ರದಲ್ಲೂ ಅದು ಸರಾಗವಾಗಿ ಓಡುತ್ತದೆ. ಒಂದು ಟ್ರ್ಯಾಕ್ ಮತ್ತು ಕೆಲವು ಕಾರುಗಳಿರುವ ಉಚಿತ ಆವೃತ್ತಿಯಲ್ಲೇ ಆನ್‌ಲೈನ್ ಓಡಿಸಬಹುದು. ಚಿತ್ರ ಹಳೆಯದೆನಿಸುತ್ತದೆ, ಟೈರು ಜಾರುವ ಭಾವ ಇಂದಿಗೂ ಹಳಸಿಲ್ಲ.

ಎರಡನೆಯದು 2014ರ ಅಸೆಟೊ ಕೋರ್ಸಾ, ಮೇಲೆ ಹೇಳಿದ ಎಸಿಸಿಯ ಅಣ್ಣ. ಚಿತ್ರದ ಗುಣಮಟ್ಟವನ್ನು ಪೂರ್ತಿ ಇಳಿಸಿದರೆ ನಿಮ್ಮಲ್ಲಿ ಓಡಬಹುದು. ಸ್ಟೀಮಿನಲ್ಲಿ ಕೊಂಡ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿ, ಹದಿನಾಲ್ಕು ದಿನದೊಳಗೆ ಹಿಂದಿರುಗಿಸಿದರೆ ಹಣ ವಾಪಸ್ಸಾಗುವುದರಿಂದ ಪರೀಕ್ಷಿಸಿ ನೋಡಲು ಭಯವಿಲ್ಲ. ಅಭಿಮಾನಿಗಳು ಕಟ್ಟಿದ ಕಾರು ಮತ್ತು ಟ್ರ್ಯಾಕುಗಳು ಇದಕ್ಕೆ ಅಸಂಖ್ಯಾತವಾಗಿವೆ, 2011ರಿಂದ 2013ರವರೆಗೆ ಫಾರ್ಮುಲಾ ಒನ್ ನಡೆದ ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕ್ಯೂಟ್ ಕೂಡ ಅವುಗಳಲ್ಲಿದೆ. ಕಂಟೆಂಟ್ ಮ್ಯಾನೇಜರ್ ಎಂಬ ಹೆಚ್ಚುವರಿ ತಂತ್ರಾಂಶ ಹಾಕಿಕೊಂಡರೆ ಸರ್ವರುಗಳನ್ನು ಪಿಂಗ್ ಪ್ರಕಾರ ಜೋಡಿಸಿ ನೋಡಬಹುದು. ಅವುಗಳಲ್ಲಿ ಬಹಳಷ್ಟು ಹೆದ್ದಾರಿಯಲ್ಲಿ ಸುಮ್ಮನೆ ಅಲೆಯುವವರ ಸರ್ವರುಗಳೆಂಬುದು ತಿಳಿದಿರಲಿ, ರೇಸ್ ಬೇಕಾದವರು ಆರಿಸಿಕೊಳ್ಳಬೇಕು.

ಹಾಟ್‌ಸ್ಪಾಟಿನ ವಿಷಯದಲ್ಲಿ ಮಾತ್ರ ನಿಮ್ಮನ್ನು ಹುರಿದುಂಬಿಸಲಾರೆ. ಮೊಬೈಲ್ ಜಾಲದಲ್ಲಿ ಪಿಂಗ್ ಸ್ಥಿರವಾಗಿ ನಿಲ್ಲುವುದಿಲ್ಲ, ಅದರ ಪರಿಣಾಮವನ್ನು ಮೇಲಿನ ಲೆಕ್ಕದಲ್ಲಿ ನೋಡಿದ್ದೀರಿ. ಕನಿಷ್ಠಪಕ್ಷ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಕಿಟಕಿಯ ಬಳಿ ಇಟ್ಟು, ಹಾಸ್ಟೆಲಿನವರೆಲ್ಲ ಕ್ರಿಕೆಟ್ ನೋಡುವ ಹೊತ್ತನ್ನು ಬಿಟ್ಟು ಬೇರೆ ಸಮಯದಲ್ಲಿ ಓಡಿಸಿ.

ಪ್ರಶ್ನೆ: ನಮ್ಮ ಹದಿನೈದು ವರ್ಷದ ಮಗ ರೇಸ್ ಡ್ರೈವರ್ ಆಗುತ್ತೇನೆಂದು ಹೇಳಿ, ದುಬಾರಿ ಸ್ಟೀರಿಂಗ್ ಸೆಟ್ ಮತ್ತು ಆನ್‌ಲೈನ್ ಚಂದಾ ಕೊಡಿಸಲು ಹಟ ಹಿಡಿದಿದ್ದಾನೆ. ಇದು ಬರೀ ಆಟವೋ, ಕಲಿಕೆಯೋ? ಅಪರಿಚಿತರೊಡನೆ ಆಡುವುದು ಸುರಕ್ಷಿತವೇ? (ತಾಯಿ, ಉಡುಪಿ)

ಉತ್ತರ: ಆಟವೂ ಹೌದು, ಕಲಿಕೆಯೂ ಹೌದು ಅಮ್ಮ. 2021ರಿಂದ 2024ರವರೆಗೆ ಫಾರ್ಮುಲಾ ಒನ್ ಚಾಂಪಿಯನ್ ಆಗಿದ್ದ ಮ್ಯಾಕ್ಸ್ ವೆರ್ಸ್ಟಾಪನ್ ಅವರು ಇಂದಿಗೂ ಐರೇಸಿಂಗ್‌ನಲ್ಲಿ ಸ್ಪರ್ಧಿಸುತ್ತಾರೆ ಎಂದು ನಿಮ್ಮ ಮಗ ಈಗಾಗಲೇ ಹೇಳಿರಬಹುದು, ಅದು ನಿಜ. ಅವನು ಹೇಳದೆ ಬಿಟ್ಟಿರಬಹುದಾದದ್ದು ಅವರು ಬಾಲ್ಯದಿಂದ ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಕಾರು ಓಡಿಸಿ ಮೇಲೆ ಬಂದವರೆಂಬುದು. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಮತ್ತು ಕುಶ್ ಮೈನಿ ಸಹೋದರರ ದಾರಿಯೂ ಅದೇ. ಕಾರ್ಟಿಂಗ್‌ನಿಂದ ಹೊರಟು ಅಣ್ಣ ಜರ್ಮನಿಯ ಡಿಟಿಎಂ ಎಂಬ ಕಾರ್ ರೇಸ್ ಸರಣಿಯನ್ನು, ತಮ್ಮ ಫಾರ್ಮುಲಾ ಒನ್ನಿಗೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟೂವನ್ನು ಮುಟ್ಟಿದರು. ತಿರುವಿನ ಗೆರೆ, ಬ್ರೇಕ್ ಒತ್ತುವ ಜಾಗ, ಕನ್ನಡಿ ನೋಡುವ ಅಭ್ಯಾಸ, ಹೊಸ ಟ್ರ್ಯಾಕಿನ ಪರಿಚಯ ಇವನ್ನು ಸಿಮ್ಯುಲೇಟರ್ ಕಲಿಸುತ್ತದೆ. ಕುತ್ತಿಗೆಯ ಮೇಲೆ ಬೀಳುವ ಭಾರ, ಹೆಲ್ಮೆಟ್ಟಿನೊಳಗಿನ ಸೆಕೆ, ತಪ್ಪಿದರೆ ಪೆಟ್ಟಾಗುತ್ತದೆಂಬ ಭಯ ಇವನ್ನು ಅದು ಕಲಿಸಲಾರದು. ಸಾಮಾನ್ಯ ರಸ್ತೆಯಲ್ಲಿ ಕಾರು ಓಡಿಸಲು ಹದಿನೆಂಟು ತುಂಬಬೇಕೆಂಬುದರಲ್ಲಿ ಇದರಿಂದ ಯಾವ ರಿಯಾಯಿತಿಯೂ ಇಲ್ಲ.

ಈಗಲೇ ಸ್ಟೀರಿಂಗ್ ಕೊಡಿಸಬೇಡಿ. ಉಚಿತವಾದ ರೇಸ್‌ರೂಮನ್ನೋ ಅಗ್ಗದ ಹಳೆಯ ಅಸೆಟೊ ಕೋರ್ಸಾವನ್ನೋ ಗೇಮ್‌ಪ್ಯಾಡಿನಲ್ಲಿ ಆಡಿ, ಯಾರಿಗೂ ತಾಗಿಸದೆ ಇಪ್ಪತ್ತು ಆನ್‌ಲೈನ್ ರೇಸ್ ಮುಗಿಸಲಿ, ಗೆಲ್ಲುವುದು ಬೇಕಿಲ್ಲ. ಮಧ್ಯದಲ್ಲೇ ಬೇಸತ್ತರೆ ನಿಮ್ಮ ಹಣ ಉಳಿಯಿತು, ಮುಗಿಸಿದರೆ ಅವನ ಹಟಕ್ಕೆ ಅರ್ಥವಿದೆ. ಆಗಲೂ ಯಾರಾದರೂ ಬಳಸಿ ಬಿಟ್ಟ ಸೆಟ್ ನೋಡಿ. ಎರಡೇ ತಿಂಗಳಲ್ಲಿ ಉತ್ಸಾಹ ಇಳಿದವರ ಸ್ಟೀರಿಂಗುಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಪೆಡಲ್ ಹಿಂದಕ್ಕೆ ಜಾರದಂತೆ ಗೋಡೆಗೆ ಒತ್ತಿಡಬೇಕು, ಚಕ್ರವಿರುವ ಕುರ್ಚಿಯಾದರೆ ಬ್ರೇಕ್ ಒತ್ತಿದಾಗಲೆಲ್ಲ ಅದೇ ಹಿಂದಕ್ಕೋಡುತ್ತದೆ. ಊಟದ ಮೇಜಿನ ಮರದ ಕುರ್ಚಿಯೇ ಮೇಲು.

ಸುರಕ್ಷೆಯ ಬಗ್ಗೆ: ಧ್ವನಿ ಸಂಭಾಷಣೆಯನ್ನು ಸಂಪೂರ್ಣ ಮುಚ್ಚಿಟ್ಟರೂ ರೇಸ್ ಓಡಿಸಲು ಯಾವ ಅಡ್ಡಿಯೂ ಇಲ್ಲ, ಆರಂಭದಲ್ಲಿ ಹಾಗೆಯೇ ಮಾಡಿ. ಐರೇಸಿಂಗ್‌ನಲ್ಲಿ ನಿಜವಾದ ಹೆಸರು ಎಲ್ಲರಿಗೂ ಕಾಣುತ್ತದೆ ಎಂಬುದನ್ನು ಒಪ್ಪುವುದೋ ಬೇಡವೋ ಎಂದು ಚಂದಾ ಕಟ್ಟುವ ಮೊದಲೇ ಮನೆಯಲ್ಲಿ ಮಾತನಾಡಿಕೊಳ್ಳಿ.

ಪ್ರಶ್ನೆ: ನಾನು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿದ್ದೇನೆ, ತಮ್ಮ ಶಿವಮೊಗ್ಗದಲ್ಲಿದ್ದಾನೆ. ಇಬ್ಬರಲ್ಲೂ ಎಸಿಸಿ ಇದೆ. ನಮ್ಮದೇ ಸರ್ವರ್ ಇಟ್ಟುಕೊಂಡು ಒಟ್ಟಿಗೆ ರೇಸ್ ಮಾಡಬೇಕೆಂದಿದ್ದೇವೆ. ಸರ್ವರ್ ಭಾರತದಲ್ಲಿರಬೇಕೋ ಜರ್ಮನಿಯಲ್ಲಿರಬೇಕೋ ಎಂದು ಜಗಳವಾಗಿದೆ. (ಓದುಗರು, ಸ್ಟುಟ್‌ಗಾರ್ಟ್)

ಉತ್ತರ: ಇಬ್ಬರೇ ಆಡುವುದಾದರೆ ಈ ಜಗಳಕ್ಕೆ ಕಾರಣವಿಲ್ಲ. ತಮ್ಮನು ಬ್ರೇಕ್ ಒತ್ತಿದ ಸುದ್ದಿ ಶಿವಮೊಗ್ಗದಿಂದ ಸರ್ವರಿಗೆ, ಅಲ್ಲಿಂದ ನಿಮಗೆ ಬರಬೇಕು. ಸರ್ವರ್ ಆ ದಾರಿಯ ಯಾವ ತುದಿಯಲ್ಲಿದ್ದರೂ, ನಡುವೆ ಎಲ್ಲಾದರೂ ಇದ್ದರೂ, ಒಟ್ಟು ಸಮಯ ಹೆಚ್ಚುಕಡಿಮೆ ಒಂದೇ. ಮೂರನೆಯವರು ಸೇರಿದಾಗ ಮಾತ್ರ ವ್ಯತ್ಯಾಸ. ತಮ್ಮನ ನಾಲ್ಕು ಗೆಳೆಯರು ಶಿವಮೊಗ್ಗದಿಂದಲೇ ಬರುವುದಾದರೆ ಸರ್ವರ್ ಭಾರತದಲ್ಲಿರಲಿ. ಇಲ್ಲದಿದ್ದರೆ ಒಂದೇ ಊರಿನ ಇಬ್ಬರು ಪರಸ್ಪರರ ಸುದ್ದಿಯನ್ನು ಜರ್ಮನಿ ಸುತ್ತಿಸಿ ತರಿಸಿಕೊಂಡಂತಾಗುತ್ತದೆ.

ಆದರೆ ಎದುರುಬದುರಾಗಿ ಓಡುವುದಕ್ಕಿಂತ ಒಂದೇ ಕಾರನ್ನು ಹಂಚಿಕೊಂಡು ಓಡಿಸುವುದು ನಿಮಗೆ ಹೆಚ್ಚು ಹೊಂದುತ್ತದೆ. ಎಸಿಸಿಯ ದೀರ್ಘ ರೇಸುಗಳಲ್ಲಿ, ಆಯೋಜಕರು ಅವಕಾಶ ಕೊಟ್ಟಿರುವ ಸರ್ವರುಗಳಲ್ಲಿ, ಪಿಟ್ಟಿಗೆ ಬಂದಾಗ ಚಾಲಕರು ಬದಲಾಗಬಹುದು. ಒಬ್ಬರು ಓಡಿಸುವಾಗ ಇನ್ನೊಬ್ಬರು ಫೋನಿನಲ್ಲಿ ಇಂಧನದ ಲೆಕ್ಕ ಹೇಳುತ್ತಿರಬಹುದು. ನೀವಿಬ್ಬರೂ ಒಮ್ಮೆಗೇ ಟ್ರ್ಯಾಕಿನಲ್ಲಿ ಇರುವುದಿಲ್ಲವಾದ್ದರಿಂದ ನಿಮ್ಮ ನಡುವಿನ ವಿಳಂಬದ ಪ್ರಶ್ನೆಯೇ ಏಳುವುದಿಲ್ಲ.

ವಾರದ ದಿನಗಳಲ್ಲಿ ನಿಮಗೆ ರಾತ್ರಿ ಎಂಟೂವರೆಯಾದಾಗ ಶಿವಮೊಗ್ಗದಲ್ಲಿ ಬೇಸಿಗೆಯಲ್ಲಿ ನಡುರಾತ್ರಿ, ಚಳಿಗಾಲದಲ್ಲಿ ಒಂದು ಗಂಟೆ. ಹಾಗಾಗಿ ಭಾನುವಾರ ನಿಮ್ಮ ಮಧ್ಯಾಹ್ನ ಮೂರು ಗಂಟೆಯನ್ನು ಗೊತ್ತು ಮಾಡಿಕೊಳ್ಳಿ. ತಮ್ಮನಿಗೆ ಅದು ಸಂಜೆ ಆರೂವರೆ. ಅಕ್ಟೋಬರಿನ ಕೊನೆಯ ಭಾನುವಾರ ಜರ್ಮನಿಯ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಅವನಿಗೆ ಏಳೂವರೆಯಾಗುತ್ತದೆ. ಆ ವಾರ ಅವನು ಒಂದು ಗಂಟೆ ಮೊದಲೇ ಬಂದು ಕಾಯುತ್ತ ಕೂರದ ಹಾಗೆ ಹಿಂದಿನ ದಿನವೇ ತಿಳಿಸಿಬಿಡಿ.